ದೊಡ್ಡ ಕಂಪನಿಯಲ್ಲಿ ಬದಲಾವಣೆ: ಪ್ಲ್ಯಾನ್ ಯಾರದು, ಕೆಲಸ ಯಾರದು?

ಪ್ರಶ್ನೆ: ನಾನು ಒಂದು ದೊಡ್ಡ ತಯಾರಿಕಾ ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ. ಮುಂದಿನ ವರ್ಷ ನಮ್ಮಲ್ಲಿ ಗೋದಾಮಿನ ಸಾಫ್ಟ್‌ವೇರ್ ಬದಲಾಗುತ್ತದೆ. ಜೊತೆಗೇ ಸಾಗಣೆಯ ಗುತ್ತಿಗೆಯೂ ಬೇರೆ ಕಂಪನಿಗೆ ಹೋಗುತ್ತದೆ. ನಮ್ಮ ವಿಭಾಗದ ಪ್ರತಿನಿಧಿ ಅಂತ ನನ್ನ ಹೆಸರು ಹಾಕಿದ್ದಾರೆ. ಮೀಟಿಂಗ್ ಮೇಲೆ ಮೀಟಿಂಗ್, ಹಸಿರು-ಹಳದಿ-ಕೆಂಪು ಬಣ್ಣದ ಚಾರ್ಟ್‌ಗಳು. ಆದರೆ ಇದನ್ನೆಲ್ಲ ನಿಜವಾಗಿ ಯಾರು ಪ್ಲ್ಯಾನ್ ಮಾಡುತ್ತಾರೆ, ಇಷ್ಟೊಂದು ವಿಭಾಗಗಳನ್ನು ಹೇಗೆ ಹೊಂದಿಸುತ್ತಾರೆ ಅನ್ನೋದು ಅರ್ಥವಾಗುತ್ತಿಲ್ಲ. ನಾನು ಏನನ್ನು ಗಮನಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಅಪಾಯ ಅಡಗಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಸಾಫ್ಟ್‌ವೇರೂ ಸಾಗಣೆಯೂ ಒಟ್ಟಿಗೇ ಬದಲಾಗುತ್ತವೆ ಅಂದಿರಿ. ಎರಡಕ್ಕೂ ಒಂದೇ ದಿನಾಂಕವಾ?

2018ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ತನ್ನ ಸಾಗಣೆಯ ಗುತ್ತಿಗೆಯನ್ನು ಬಿಡ್‌ವೆಸ್ಟ್‌ನಿಂದ ಡಿಎಚ್‌ಎಲ್‌ಗೆ ಕೊಟ್ಟಿತು. ಬರೀ ಗುತ್ತಿಗೆದಾರ ಬದಲಾಗಿದ್ದರೆ ಕಥೆ ಬೇರೆ ಇರುತ್ತಿತ್ತೇನೋ. ಗೋದಾಮಿನ ಏರ್ಪಾಡೂ ಅದರ ಜೊತೆಗೇ ಬದಲಾಯಿತು. ಹಲವು ಕಡೆಯಿಂದ ಹೊರಡುತ್ತಿದ್ದ ಸರಕು ರಗ್ಬಿ ಎಂಬ ಊರಿನ ಒಂದೇ ಗೋದಾಮಿನಿಂದ ಹೊರಡಬೇಕಾಯಿತು. ಕೆಲವೇ ದಿನಗಳಲ್ಲಿ, ಸುಮಾರು 900 ಅಂಗಡಿಗಳ ಪೈಕಿ 600ಕ್ಕೂ ಹೆಚ್ಚು ಬಾಗಿಲು ಹಾಕಿದವು. ಕೋಳಿ ಮಾರುವ ಅಂಗಡಿಗೆ ಕೋಳಿಯೇ ಬರಲಿಲ್ಲ. ಮುಂದಿನ ತಿಂಗಳು ಸುಮಾರು 350 ಅಂಗಡಿಗಳ ಸಾಗಣೆ ಹಳೇ ಕಂಪನಿಗೇ ವಾಪಸ್ ಹೋಯಿತು.

ಎರಡು ಬದಲಾವಣೆ ಒಂದೇ ದಿನ ಆದರೆ ಕೆಲಸ ಎರಡರಷ್ಟಾಗುವುದು ಸಣ್ಣ ತೊಂದರೆ. ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದು ಕಷ್ಟವಾಗುತ್ತದಲ್ಲ, ಅದು ದೊಡ್ಡ ತೊಂದರೆ. ಲಾರಿ ಬರಲಿಲ್ಲ ಅಂದರೆ ಸಾಫ್ಟ್‌ವೇರ್ ಆರ್ಡರ್ ಕಳಿಸಲಿಲ್ಲವೋ, ಹೊಸ ಸಾಗಣೆಯವರಿಗೆ ದಾರಿ ಗೊತ್ತಾಗಲಿಲ್ಲವೋ? ಎರಡೂ ಕಡೆಯವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಹಾಗಾಗಿ ಮುಂದಿನ ಮೀಟಿಂಗಿನಲ್ಲಿ ಕೇಳಿ: ಇವೆರಡನ್ನು ಬಿಡಿಸಿ ಮಾಡಲು ಆಗುತ್ತದಾ? "ಹಳೇ ಗುತ್ತಿಗೆ ಅಷ್ಟರಲ್ಲಿ ಮುಗಿಯುತ್ತೆ" ಅನ್ನೋ ಉತ್ತರ ಬರಬಹುದು. ಅದನ್ನು ಮೂರು ತಿಂಗಳು ಮುಂದುವರಿಸಲು ಎಷ್ಟು ಖರ್ಚಾಗುತ್ತೆ ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ಬಹುಪಾಲು ಹಾಕಿರುವುದಿಲ್ಲ.

ಇನ್ನು ಯಾರು ಪ್ಲ್ಯಾನ್ ಮಾಡುತ್ತಾರೆ ಅನ್ನೋದು. ಕಾಗದದ ಮೇಲೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಏರ್ಪಾಡು. ಮೇಲೆ ಒಬ್ಬ ಸ್ಪಾನ್ಸರ್ ಇರುತ್ತಾರೆ, ಹಣಕ್ಕೂ ಫಲಕ್ಕೂ ಹೊಣೆ ಹೊತ್ತ ಹಿರಿಯ ಅಧಿಕಾರಿ. ವಿಭಾಗಗಳ ಮುಖ್ಯಸ್ಥರು ಸೇರಿ ಸ್ಟೀರಿಂಗ್ ಕಮಿಟಿ. ವೇಳಾಪಟ್ಟಿ, ಅಪಾಯಗಳ ಪಟ್ಟಿ, ಖರ್ಚಿನ ಲೆಕ್ಕ ಇಟ್ಟುಕೊಳ್ಳಲು ಪ್ರೋಗ್ರಾಂ ಆಫೀಸ್. ಅದರ ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದು ತಂಡ, ಜೊತೆಗೆ ನಿಮ್ಮಂಥ ಪ್ರತಿನಿಧಿಗಳು. ಯಾರು ಮಾಡಬೇಕು, ಯಾರು ಉತ್ತರ ಕೊಡಬೇಕು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಅಂತ ಬರೆದ ರೇಸಿ ಚಾರ್ಟ್ ಒಂದು ಇದ್ದೇ ಇರುತ್ತದೆ. ಅದನ್ನು ಓದುವಾಗ ಒಂದೇ ವಿಷಯ ನೋಡಿ. ಉತ್ತರ ಕೊಡಬೇಕಾದವರ ಜಾಗದಲ್ಲಿ ಇಬ್ಬರ ಹೆಸರಿದ್ದರೆ ಅಲ್ಲಿ ಯಾರೂ ಇಲ್ಲ ಅಂತಲೇ ತಿಳಿಯಿರಿ.

ಬಣ್ಣದ ಚಾರ್ಟ್‌ಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಈ ಕೆಲಸದಲ್ಲಿರುವವರು ಅಂಥ ವರದಿಯನ್ನು ಕಲ್ಲಂಗಡಿ ಅಂತ ಆಡಿಕೊಳ್ಳುವುದುಂಟು: ಹೊರಗೆ ಹಸಿರು, ಒಳಗೆ ಕೆಂಪು. ತಂಡದವರು ಕೆಂಪು ಹಾಕಿದರೆ ವಿವರಣೆ ಕೇಳುತ್ತಾರೆ, ಹಳದಿ ಹಾಕಿದರೆ ಇನ್ನೊಂದು ಮೀಟಿಂಗ್ ಕರೆಯುತ್ತಾರೆ. ಸುಮ್ನೆ ಯಾಕೆ ತಲೆನೋವು ಅಂತ ಹಸಿರು ಹಾಕುತ್ತಾರೆ. ಮೀಟಿಂಗಿನಲ್ಲಿ ಬಣ್ಣ ಕೇಳಬೇಡಿ. ಹೋದ ವಾರ ಏನು ಮುಗಿಯಿತು, ತೋರಿಸಿ ಅನ್ನಿ.

ಇಲ್ಲಿ ಒಂದು ಮಾತು ಗೊತ್ತಿರಬೇಕು. ಪ್ರೋಗ್ರಾಂ ಆಫೀಸಿನವರಿಗೆ ದಿನಾಂಕಗಳು ಗೊತ್ತು, ಕೆಲಸ ಗೊತ್ತಿಲ್ಲ. ಅದು ಅವರ ತಪ್ಪಲ್ಲ. ಖರೀದಿಯ ಕೆಲಸ ಖರೀದಿಯವರಿಗೆ ಗೊತ್ತು, ಗೋದಾಮಿನದು ಗೋದಾಮಿನವರಿಗೆ ಗೊತ್ತು. ಒಂದು ವಿಭಾಗ ಇನ್ನೊಂದಕ್ಕೆ ಕೆಲಸ ದಾಟಿಸುವ ಜಾಗ ಇದೆಯಲ್ಲ, ಅದು ಪೂರ್ತಿಯಾಗಿ ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡ ಬದಲಾವಣೆಗಳು ಎಡವುವುದು ಹೆಚ್ಚಾಗಿ ಅಲ್ಲೇ. ಪ್ರತಿನಿಧಿಯಾಗಿ ನಿಮ್ಮ ನಿಜವಾದ ಕೆಲಸ ಆ ಜಾಗಗಳನ್ನು ಹುಡುಕುವುದು.

ಹುಡುಕುವುದು ಹೇಗೆ? ಒಂದೇ ಒಂದು ಖರೀದಿ ಆರ್ಡರ್ ಆರಿಸಿಕೊಳ್ಳಿ. ಯಾರೋ ಬೇಡಿಕೆ ಕೊಟ್ಟಲ್ಲಿಂದ ಪೂರೈಕೆದಾರರಿಗೆ ಹಣ ಸೇರುವವರೆಗೆ ಅದರ ಹಿಂದೆಯೇ ಹೋಗಿ. ಆರ್ಡರ್ ಹೋಯಿತು, ಪೂರೈಕೆದಾರರು ಒಪ್ಪಿದರು, ಲಾರಿ ಗೇಟಿಗೆ ಬಂತು, ಮಾಲು ಇಳಿಯಿತು, ಜಿಆರ್‌ಎನ್ (ಮಾಲು ಬಂದು ಸೇರಿತು ಅನ್ನುವ ರಸೀದಿ) ಆಯಿತು, ಕ್ವಾಲಿಟಿಯವರು ನೋಡಿದರು, ಸ್ಟಾಕಿಗೆ ಸೇರಿತು, ಬಿಲ್ಲು ಬಂತು, ಅಕೌಂಟ್ಸಿನವರು ಆರ್ಡರ್, ಜಿಆರ್‌ಎನ್, ಬಿಲ್ಲು ಮೂರನ್ನೂ ತಾಳೆ ನೋಡಿದರು, ಹಣ ಹೋಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಪ್ರತಿ ಜಾಗದಲ್ಲಿ ನಿಂತು ಕೇಳಿ: ನಿಮಗೆ ಏನು ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ, ಬರದಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ?

ಮೂರನೇ ಪ್ರಶ್ನೆಗೆ ಬರುವ ಉತ್ತರಗಳೇ ಬಂಗಾರ. "ಬೆಳಗ್ಗೆ ಹತ್ತಕ್ಕೆ ಫೋನ್ ಮಾಡಿ ಕೇಳ್ತೀವಿ." "ನನ್ನದೊಂದು ಎಕ್ಸೆಲ್ ಇದೆ, ಅದರಲ್ಲಿ ಗುರುತು ಹಾಕ್ಕೊಳ್ತೀನಿ." ಈ ಫೋನು, ಈ ಎಕ್ಸೆಲ್ ಯಾವ ಅಧಿಕೃತ ದಾಖಲೆಯಲ್ಲೂ ಇರುವುದಿಲ್ಲ. ಮ್ಯಾನೇಜರಿಗೂ ಗೊತ್ತಿರುವುದಿಲ್ಲ. ಹೊಸ ಸಾಫ್ಟ್‌ವೇರ್ ಮಾಡುವವರು ಎಸ್‌ಒಪಿ (ಕೆಲಸ ಹೇಗೆ ಮಾಡಬೇಕು ಅಂತ ಬರೆದಿಟ್ಟ ಅಧಿಕೃತ ದಾಖಲೆ) ಓದಿ ಮಾಡುತ್ತಾರೆ, ಕೆಲಸ ನಡೆಯುವುದು ಎಕ್ಸೆಲ್ ಮೇಲೆ. ಆದ್ದರಿಂದ ಮುಖ್ಯಸ್ಥರನ್ನಷ್ಟೇ ಕೇಳಿ ಸುಮ್ಮನಾಗಬೇಡಿ, ಸ್ಟೋರಿನಲ್ಲಿ ನಿಂತು ಕೆಲಸ ಮಾಡುವವರನ್ನು ಕೇಳಿ.

ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷಿಯ ಪ್ರಕರಣ ಇದಕ್ಕೆ ಹೇಳಿ ಮಾಡಿಸಿದಂತಿದೆ. 1999ರ ಜುಲೈನಲ್ಲಿ ಅದು ಎಸ್‌ಎಪಿ, ಸೀಬೆಲ್, ಮ್ಯಾನುಗಿಸ್ಟಿಕ್ಸ್ ಎಂಬ ಮೂರು ಸಾಫ್ಟ್‌ವೇರ್‌ಗಳನ್ನು ಒಟ್ಟಿಗೇ ಚಾಲೂ ಮಾಡಿತು. ಖರ್ಚು 11 ಕೋಟಿ ಡಾಲರ್ ಮೇಲೆ. ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಸುಮಾರು 10 ಕೋಟಿ ಡಾಲರಿನ ಆರ್ಡರ್‌ಗಳನ್ನು ಪೂರೈಸಲಾಗಲಿಲ್ಲ. ಆ ತ್ರೈಮಾಸಿಕದ ಲಾಭ ಸುಮಾರು 19 ಶೇಕಡಾ ಇಳಿಯಿತು. ಸರಕು ಇರಲಿಲ್ಲ ಅಂತಲ್ಲ, ಗೋದಾಮಿನಲ್ಲಿ ಇತ್ತು! ಆಗಿನ ವಿಶ್ಲೇಷಣೆಗಳಲ್ಲಿ ಬಂದ ಒಂದು ಕಾರಣ ನೋಡಿ: ಸೀಸನ್ ಸಮಯದಲ್ಲಿ ಜಾಗ ಸಾಲದೆ ಸಿಬ್ಬಂದಿ ಅಲ್ಲಿ ಇಲ್ಲಿ ಖಾಲಿ ಇದ್ದ ಕಡೆ ಸರಕು ಇಡುತ್ತಿದ್ದರು. ಆ ಜಾಗಗಳು ಹೊಸ ಸಾಫ್ಟ್‌ವೇರಿಗೆ ಗೊತ್ತೇ ಇರಲಿಲ್ಲ. ಗೋದಾಮಿನವರಿಗೆ ಅದು ದಿನನಿತ್ಯದ ವಿಷಯ. ಐಟಿಯವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಹೀಗೆ ಹುಡುಕುವಾಗ ಸಣ್ಣ ಬದಲಾವಣೆಗಳನ್ನು ಬಿಟ್ಟುಬಿಡಬೇಡಿ. ದೊಡ್ಡದಕ್ಕೆ ಕಮಿಟಿ ಇರುತ್ತದೆ. "ಇದೇನು ಮಹಾ, ಸಣ್ಣದು" ಅಂದುಕೊಂಡಿದ್ದು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ರಾಸಾಯನಿಕ ಉದ್ಯಮ ಈ ಪಾಠವನ್ನು ಪ್ರಾಣ ಕೊಟ್ಟು ಕಲಿಯಿತು. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕಾರ್ಖಾನೆಯಲ್ಲಿ ಸಾಲಾಗಿ ಆರು ರಿಯಾಕ್ಟರ್‌ಗಳಿದ್ದವು. 1974ರ ಮಾರ್ಚಿನಲ್ಲಿ ಐದನೆಯದರಲ್ಲಿ ಬಿರುಕು ಕಂಡಿತು. ಅದನ್ನು ತೆಗೆದು, ಉತ್ಪಾದನೆ ನಿಲ್ಲಬಾರದು ಅಂತ ನಾಲ್ಕನ್ನೂ ಆರನ್ನೂ 20 ಇಂಚಿನ ಪೈಪಿನಿಂದ ಜೋಡಿಸಿದರು. ಇದ್ದ ನಕಾಶೆ ಅಂದರೆ ವರ್ಕ್‌ಶಾಪಿನ ನೆಲದ ಮೇಲೆ ಚಾಕ್‌ನಲ್ಲಿ ಬರೆದದ್ದು. ಆಗ ಕಾರ್ಖಾನೆಯ ವರ್ಕ್ಸ್ ಎಂಜಿನಿಯರ್ ಹುದ್ದೆ ಖಾಲಿ ಇತ್ತು. ಜೂನ್ 1ರಂದು ಆ ತಾತ್ಕಾಲಿಕ ಜೋಡಣೆ ಒಡೆಯಿತು, ಸ್ಫೋಟದಲ್ಲಿ 28 ಜನ ಸತ್ತರು. ದಿನ ಶನಿವಾರ, ಆಫೀಸಿನವರು ರಜೆಯಲ್ಲಿದ್ದರು. ಇಲ್ಲದಿದ್ದರೆ ಸಾವು ಇನ್ನೂ ಜಾಸ್ತಿ ಆಗುತ್ತಿತ್ತು.

ಅಪಾಯಕಾರಿ ರಾಸಾಯನಿಕಗಳ ಉದ್ಯಮಗಳಲ್ಲಿ ಇವತ್ತು ಬದಲಾವಣೆಗೆ ಇರುವ ಬಿಗಿಯಾದ ಕಟ್ಟಳೆಗಳ ಹಿಂದೆ ಇಂಥ ಅವಘಡಗಳಿವೆ. ಅಮೆರಿಕದಲ್ಲಿ 1992ರ ಒಂದು ಸುರಕ್ಷತಾ ನಿಯಮದಿಂದ ಅದು ಕಾನೂನೇ ಆಯಿತು. ಆ ನಿಯಮದಲ್ಲಿ ನನಗೆ ಇಷ್ಟವಾಗುವುದು ಅದು ಗೆರೆ ಎಳೆದ ಜಾಗ. ಹಳೆಯದರ ಜಾಗಕ್ಕೆ ಅದೇ ನಮೂನೆಯ, ಅದೇ ಮಾನದಂಡದ ವಸ್ತು ಹಾಕಿದರೆ ಅದು ಬದಲಾವಣೆ ಅಲ್ಲ. ಸ್ವಲ್ಪ ಬೇರೆ ಆದರೂ ಅದು ಬದಲಾವಣೆ, ಪರಿಶೀಲನೆ ಆಗಲೇಬೇಕು. ಗಾತ್ರದ ಮಾತೇ ಇಲ್ಲ. ನಿಮ್ಮ ಕಂಪನಿಯಲ್ಲೂ ಈ ಗೆರೆ ಎಲ್ಲಿದೆ ಅಂತ ಕೇಳಿ. ಐಟಿಯವರಲ್ಲಿ ಬಹುಶಃ ಇದೆ. ದಿನಾ ಮಾಡುವ, ಮೊದಲೇ ಒಪ್ಪಿಗೆ ಇರುವ ಬದಲಾವಣೆ ಒಂದು ಬಗೆ, ಪರಿಶೀಲನೆ ಬೇಕಾದ್ದು ಇನ್ನೊಂದು, ತುರ್ತಿನದು ಮತ್ತೊಂದು ಅಂತ ಅವರು ವಿಂಗಡಿಸಿಕೊಂಡಿರುತ್ತಾರೆ. ಖರೀದಿ, ಗೋದಾಮು, ಅಕೌಂಟ್ಸ್‌ನಂಥ ಕಡೆ ಆ ವಿಂಗಡಣೆ ಇರುವುದು ಅಪರೂಪ. ಪೂರೈಕೆದಾರರ ಕೋಡ್ ಬರೆಯುವ ರೀತಿ ಬದಲಾಯಿಸುವುದು ಯಾರಿಗೂ ಬದಲಾವಣೆ ಅನ್ನಿಸುವುದೇ ಇಲ್ಲ, ತಾಳೆ ನೋಡುವಾಗ ಸಾವಿರ ಬಿಲ್ಲು ನಿಂತುಹೋಗುವ ತನಕ.

ಈಗ ಮೀಟಿಂಗಿನ ವಿಷಯ. ನಿರ್ಧಾರಗಳು ಮೀಟಿಂಗಿನಲ್ಲಿ ಆಗುತ್ತವೆ ಅಂತ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಹದಿನೈದು ಜನ ಕೂತ ಕೋಣೆಯಲ್ಲಿ, ಬಾಸ್ ಎದುರಿಗೆ, "ನಮ್ಮ ವಿಭಾಗದಿಂದ ಇದು ಆಗಲ್ಲ" ಅಂತ ಹೇಳುವವರು ಕಡಿಮೆ. ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಕಾರಿಡಾರಿನಲ್ಲಿ ಗೊಣಗುತ್ತಾರೆ. ಟೊಯೋಟಾದಂಥ ಜಪಾನಿ ಕಂಪನಿಗಳಲ್ಲಿ ನೆಮಾವಾಶಿ ಅಂತ ಒಂದು ರೂಢಿ ಇದೆ. ಪ್ರಸ್ತಾಪ ತಂದವರು ಮೀಟಿಂಗಿಗೆ ಮೊದಲೇ ಸಂಬಂಧಪಟ್ಟ ಒಬ್ಬೊಬ್ಬರ ಹತ್ತಿರ ಹೋಗಿ, ಕರಡು ತೋರಿಸಿ, ತಕರಾರು ಕೇಳಿ, ತಿದ್ದಿಕೊಂಡು ಬರುತ್ತಾರೆ. ಮೀಟಿಂಗ್ ಹೊತ್ತಿಗೆ ಹೊಸದಾಗಿ ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಹೊರಗಿನವರಿಗೆ ಇದು ನಿಧಾನ ಅನ್ನಿಸುತ್ತದೆ. ತೀರ್ಮಾನ ನಿಧಾನ ಹೌದು, ಆದರೆ ಜಾರಿ ಬೇಗ ಆಗುತ್ತದೆ.

ಇದನ್ನು ಮಾಡಲು ನಿಮಗೆ ಯಾರ ಅಪ್ಪಣೆಯೂ ಬೇಡ. ಗೋದಾಮಿನ ಪ್ರತಿನಿಧಿ, ಅಕೌಂಟ್ಸಿನ ಪ್ರತಿನಿಧಿ, ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಅರ್ಧ ಗಂಟೆ ಕೂತುಕೊಳ್ಳಿ. ನಿಮ್ಮ ಒಂದು ಆರ್ಡರಿನ ಪಯಣವನ್ನು ಒಂದೇ ಪುಟದಲ್ಲಿ ಬರೆದು ಮುಂದಿಡಿ. "ಇದರಲ್ಲಿ ಎಲ್ಲಿ ತಪ್ಪಿದೆ?" ಅಂತ ಕೇಳಿ. "ಒಪ್ಪಿಗೇನಾ?" ಅಂತ ಕೇಳಿದರೆ ಹೂಂ ಅಂದು ಎದ್ದು ಹೋಗುತ್ತಾರೆ. ತಪ್ಪು ತೋರಿಸಿ ಅಂದರೆ ಪೆನ್ನು ಎತ್ತಿಕೊಳ್ಳುತ್ತಾರೆ.

ದಿನಾಂಕದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ದಿನಾಂಕ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚಿದರೆ ಪ್ಲ್ಯಾನಿನ ಅರ್ಧ ಹಣೆಬರಹ ಗೊತ್ತಾಗುತ್ತದೆ. ಕೆಲಸಗಳನ್ನು ಕೂಡಿಸಿ, ಇಷ್ಟು ಸಮಯ ಬೇಕು ಅಂತ ಬಂದ ದಿನಾಂಕ ಒಂದು ಬಗೆ. ಮೇಲಿನವರು ಮೊದಲೇ ದಿನಾಂಕ ಘೋಷಿಸಿ, ಅಲ್ಲಿಂದ ಹಿಂದಕ್ಕೆ ಕೆಲಸಗಳನ್ನು ತುರುಕಿದ್ದು ಇನ್ನೊಂದು ಬಗೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಲು 2017ರ ನವೆಂಬರ್ ಅಂತ ಗೊತ್ತುಮಾಡಿತ್ತು. ಆಗಲಿಲ್ಲ. ಹೊಸ ಪ್ಲ್ಯಾನ್ ಪೂರ್ತಿ ಸಿದ್ಧವಾಗುವ ಮೊದಲೇ 2018ರ ಮೊದಲ ತ್ರೈಮಾಸಿಕ ಅಂತ ಹೇಳಿಬಿಟ್ಟಿತು. ಕೊನೆಗೆ ಏಪ್ರಿಲ್ ಮೂರನೇ ವಾರಾಂತ್ಯ ಒಂದೇ ಸಲಕ್ಕೆ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ದಾಖಲೆ ಸಾಗಿಸಿತು. ದಾಖಲೆಗಳೇನೋ ಸರಿಯಾಗಿ ಸಾಗಿದವು, ಹೊಸ ವ್ಯವಸ್ಥೆ ಭಾರ ತಡೆಯಲಿಲ್ಲ. ಸುಮಾರು 19 ಲಕ್ಷ ಜನ ಆನ್‌ಲೈನ್‌ನಲ್ಲಿ ತಮ್ಮ ಖಾತೆಗೆ ಹೋಗಲಾಗದೆ ಒದ್ದಾಡಿದರು. ಆಮೇಲಿನ ಸ್ವತಂತ್ರ ತನಿಖೆಯಲ್ಲಿ ಹೊರಬಿದ್ದ ಒಂದು ಅಂಶ: ಎರಡು ಡೇಟಾ ಸೆಂಟರ್‌ಗಳಿದ್ದವು, ಒತ್ತಡದ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಎಲ್ಲ ಸರಿಹೋಗಲು ಆ ವರ್ಷದ ಡಿಸೆಂಬರ್ ಆಯಿತು. 2022ರ ಡಿಸೆಂಬರಿನಲ್ಲಿ ಇಬ್ಬರು ನಿಯಂತ್ರಕರು ಸೇರಿ ಹಾಕಿದ ದಂಡ 4.865 ಕೋಟಿ ಪೌಂಡ್.

ದಿನಾಂಕ ಗಟ್ಟಿ, ಕೆಲಸ ತಡ. ಆಗ ಮೊದಲು ಕತ್ತರಿ ಬೀಳುವುದು ಪರೀಕ್ಷೆಗೆ ಮತ್ತು ತರಬೇತಿಗೆ, ಯಾಕೆಂದರೆ ಅವೆರಡೂ ಕೊನೆಯಲ್ಲಿರುತ್ತವೆ. ವೇಳಾಪಟ್ಟಿಯ ಹಳೇ ಆವೃತ್ತಿ ಒಂದನ್ನು ಇಟ್ಟುಕೊಳ್ಳಿ. ಪ್ರತಿ ತಿಂಗಳು ಹೊಸದರ ಪಕ್ಕ ಇಟ್ಟು, ಪರೀಕ್ಷೆಗೆ ಎಷ್ಟು ವಾರ ಉಳಿದಿದೆ ಅಂತ ಮಾತ್ರ ನೋಡಿ. ಆರು ಇದ್ದದ್ದು ಮೂರಾಗಿದ್ದರೆ ಚಾರ್ಟ್ ಎಷ್ಟೇ ಹಸಿರಿದ್ದರೂ ನಂಬಬೇಡಿ. ಹರ್ಷಿಯಲ್ಲೂ ಹೀಗೇ. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿದ್ದರು. ಅದೂ ತಡವಾಗಿ, ಏಪ್ರಿಲ್‌ನಲ್ಲಿ ಆಗಬೇಕಾದ್ದು ಜುಲೈಗೆ ಬಂತು, ವ್ಯಾಪಾರದ ಸೀಸನ್ನಿನ ಬಾಗಿಲಿಗೇ. ಇದಕ್ಕೇ ಅನೇಕ ಕಂಪನಿಗಳು ಫ್ರೀಜ್ ಅವಧಿ ಇಟ್ಟುಕೊಳ್ಳುತ್ತವೆ: ಸೀಸನ್ನಿನಲ್ಲಿ, ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಯಾವ ಬದಲಾವಣೆಯೂ ಬೇಡ ಅಂತ. ನಿಮ್ಮ ದಿನಾಂಕ ಎರಡು ತಿಂಗಳು ಜಾರಿದರೆ ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ಈಗಲೇ ನೋಡಿಕೊಳ್ಳಿ. ಬೇರೆ ಪ್ರಾಜೆಕ್ಟ್‌ಗಳ ದಿನಾಂಕಗಳೂ ಒಂದೇ ಕ್ಯಾಲೆಂಡರಿನಲ್ಲಿ ಇವೆಯಾ ಅಂತಲೂ ಕೇಳಿ. ಮೂರು ಪ್ರಾಜೆಕ್ಟ್‌ಗಳು ಅದೇ ನಾಲ್ಕು ಜನ ಸ್ಟೋರ್ ಸಿಬ್ಬಂದಿಯನ್ನು ಒಂದೇ ವಾರ ತರಬೇತಿಗೆ ಕರೆಯುವುದು ನೀವು ಅಂದುಕೊಂಡಷ್ಟು ಅಪರೂಪ ಅಲ್ಲ.

ಜಾರಿ ಹೇಗೆ ಮಾಡಬೇಕು ಅನ್ನೋದರಲ್ಲಿ ನನ್ನ ಒಲವು ಸ್ಪಷ್ಟ. ಒಂದು ಗೋದಾಮಿನಲ್ಲಿ ಮೊದಲು ಮಾಡಿ, ಆಮೇಲೆ ಉಳಿದವು. ಆ ಒಂದು ಗೋದಾಮು ಸುಲಭದ್ದು ಆಗಿರಬಾರದು. ಅತ್ಯಂತ ಶಿಸ್ತಿನ, ಚಿಕ್ಕ ಗೋದಾಮನ್ನು ಆರಿಸಿ "ಪೈಲಟ್ ಯಶಸ್ವಿ" ಅಂತ ಘೋಷಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ಹಳೆಯದು, ಹೊಸದು ಎರಡನ್ನೂ ಕೆಲವು ವಾರ ಒಟ್ಟಿಗೆ ನಡೆಸೋಣ ಅಂತಲೂ ಕೆಲವರು ಹೇಳುತ್ತಾರೆ. ಲೆಕ್ಕಪತ್ರಕ್ಕೆ ಅದು ಸರಿ. ಗೋದಾಮಿನಲ್ಲಿ ಒಂದೇ ಪೆಟ್ಟಿಗೆಯನ್ನು ಎರಡು ಕಡೆ ನಮೂದಿಸುವ ಹೊತ್ತು ಯಾರಿಗಿರುತ್ತದೆ?

ಬದಲಾವಣೆಯ ವಾರಾಂತ್ಯಕ್ಕೆ ಗಂಟೆಗಂಟೆಯ ಪಟ್ಟಿ ಇರುತ್ತದೆ, ಕಟ್‌ಓವರ್ ಪ್ಲ್ಯಾನ್ ಅನ್ನುತ್ತಾರೆ. ಅದರಲ್ಲಿ ಎರಡು ವಿಷಯ ಬರವಣಿಗೆಯಲ್ಲಿ ಇರಲೇಬೇಕು. ಮೊದಲನೆಯದು, ಮುಂದೆ ಹೋಗೋಣವೋ ನಿಲ್ಲಿಸೋಣವೋ ಅನ್ನೋದಕ್ಕೆ ಷರತ್ತುಗಳು. ಅವು ವಾರಗಳ ಮೊದಲೇ, ಎಲ್ಲರ ತಲೆ ತಣ್ಣಗಿರುವಾಗ ಬರೆದಿರಬೇಕು. ಬಾಕಿ ಆರ್ಡರ್‌ಗಳ ಪೈಕಿ ಇಷ್ಟು ಶೇಕಡಾ ತಾಳೆಯಾಗದಿದ್ದರೆ ನಿಲ್ಲಿಸುತ್ತೇವೆ, ಸ್ಟಾಕ್ ಎಣಿಕೆಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ನಿಲ್ಲಿಸುತ್ತೇವೆ, ಹೀಗೆ. ಶನಿವಾರ ರಾತ್ರಿ ಎರಡು ಗಂಟೆಗೆ, ಸುಸ್ತಾದ ಜನ ಕೂತು ಷರತ್ತು ಬರೆದರೆ ಅದು ಯಾವಾಗಲೂ ಮುಂದೆ ಹೋಗುವ ಕಡೆಗೇ ವಾಲುತ್ತದೆ.

ಎರಡನೆಯದು ವಾಪಸ್ ಬರುವ ದಾರಿ. ಅದನ್ನು ಒಮ್ಮೆಯಾದರೂ ನಡೆದು ನೋಡಿರಬೇಕು. ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಕಂಪನಿ 2012ರಲ್ಲಿ ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಉಳಿಯಿತು, ಇನ್ನೊಬ್ಬರು ಪರೀಕ್ಷಿಸಲಿಲ್ಲ. ಆಗಸ್ಟ್ 1ರ ಬೆಳಗ್ಗೆ ಆ ಒಂದು ಸರ್ವರ್ ಹಳೇ ಕೋಡ್ ಓಡಿಸಿ ಬೇಡದ ಆರ್ಡರ್‌ಗಳನ್ನು ಸುರಿಯತೊಡಗಿತು. ಗಾಬರಿಯಲ್ಲಿ ಸಿಬ್ಬಂದಿ ಸರಿಯಾಗಿದ್ದ ಏಳರಿಂದಲೂ ಹೊಸ ಕೋಡ್ ತೆಗೆದರು. ತೊಂದರೆ ಇನ್ನೂ ಹೆಚ್ಚಾಯಿತು. ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಅಂದು ಮಾರುಕಟ್ಟೆ ತೆರೆಯುವ ಮೊದಲೇ ಅವರ ಸಿಸ್ಟಮ್ 97 ಇಮೇಲ್ ಕಳಿಸಿ ದೋಷ ಇದೆ ಅಂತ ಹೇಳಿತ್ತು. ಅವನ್ನು ನೋಡುವುದು ಇಂಥವರ ಕೆಲಸ ಅಂತ ಯಾರಿಗೂ ಹಂಚಿರಲಿಲ್ಲ. ನಿಮ್ಮ ಹೊಸ ಸಾಫ್ಟ್‌ವೇರೂ ಇಂಥ ಎಚ್ಚರಿಕೆಗಳನ್ನು ಕಳಿಸುತ್ತದೆ. ಯಾರ ಇನ್‌ಬಾಕ್ಸಿಗೆ, ರಜೆಯ ದಿನ ಯಾರು ನೋಡುತ್ತಾರೆ ಅಂತ ಹೆಸರು ಹಿಡಿದು ಕೇಳಿ.

ತರಬೇತಿ ಅಂದರೆ ಸ್ಕ್ರೀನ್ ತೋರಿಸುವುದು ಅಂತ ಅನೇಕರು ತಿಳಿದಿದ್ದಾರೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಐದನೇ ಟರ್ಮಿನಲ್ 2008ರ ಮಾರ್ಚ್ 27ರಂದು ತೆರೆದಾಗ ತೊಡಕು ಶುರುವಾಗಿದ್ದು ಪಾರ್ಕಿಂಗ್ ಜಾಗದಿಂದ. ಸಿಬ್ಬಂದಿಗೆ ಗಾಡಿ ಎಲ್ಲಿ ನಿಲ್ಲಿಸಬೇಕು ಗೊತ್ತಾಗಲಿಲ್ಲ, ತಪಾಸಣೆಯಲ್ಲಿ ತಡವಾಯಿತು, ಲಗೇಜ್ ಇಳಿಸುವವರು ಜಾಗಕ್ಕೆ ತಲುಪುವಷ್ಟರಲ್ಲಿ ಬ್ಯಾಗುಗಳು ಗುಡ್ಡೆಯಾಗಿದ್ದವು. ಜೊತೆಗೆ, ಪರೀಕ್ಷೆಯ ವೇಳೆ ಹಾಕಿದ್ದ ಒಂದು ಸಾಫ್ಟ್‌ವೇರ್ ತಡೆಯನ್ನು ತೆಗೆಯಲು ಮರೆತಿದ್ದರು. ಕಟ್ಟಡದ ಕೆಲಸ ತಡವಾಗಿ, ಸಿಬ್ಬಂದಿಗೆ ಜಾಗ ಪರಿಚಯಿಸುವ ಸಮಯಕ್ಕೇ ಕತ್ತರಿ ಬಿದ್ದಿತ್ತು. ಹೊಸ ಸಾಗಣೆಯ ಲಾರಿ ಚಾಲಕರಿಗೆ ನಿಮ್ಮ ಗೇಟ್ ಪಾಸ್ ಇದೆಯಾ? ಸ್ಕ್ಯಾನರ್‌ಗೆ ವೈಫೈ ಗೋದಾಮಿನ ಮೂಲೆಯವರೆಗೂ ಬರುತ್ತದಾ? ಇವು ಯಾವ ಚಾರ್ಟ್‌ನಲ್ಲೂ ಬರುವುದಿಲ್ಲ. ಒಂದು ದಿನ ಇಡೀ ಕೆಲಸವನ್ನು ನಿಜವಾದ ಜನ, ನಿಜವಾದ ಲಾರಿ, ನಿಜವಾದ ಪೆಟ್ಟಿಗೆಗಳೊಂದಿಗೆ ಮಾಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಚಾಲೂ ಆದ ಮೇಲೆ ಕೆಲವು ವಾರ ಹೈಪರ್‌ಕೇರ್ ಅಂತ ವಿಶೇಷ ತಂಡ ಇರುತ್ತದೆ. ಅದು ಯಾವಾಗ ಮುಗಿಯುತ್ತದೆ ಅಂತ ಈಗಲೇ ಕೇಳಿ. ದಿನ ಎಣಿಸಿ ಮುಗಿಸುವ ಕಂಪನಿಗಳು ಜಾಸ್ತಿ, ಅದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ವಿಭಾಗದ ಮಟ್ಟಿಗೆ ಕನಿಷ್ಠ ಒಂದು ಪೂರ್ತಿ ತಿಂಗಳ ಲೆಕ್ಕ ಮುಗಿದು, ಪೂರೈಕೆದಾರರಿಗೆ ಒಂದು ಸುತ್ತು ಹಣ ಸರಿಯಾಗಿ ಹೋಗುವವರೆಗೆ ಆ ತಂಡ ಇರಬೇಕು. ಮೊದಲ ವಾರ ಬರುವ ದೂರುಗಳು ಸ್ಕ್ರೀನಿನವು, ಪಾಸ್‌ವರ್ಡಿನವು. ಹಣ ಬಂದಿಲ್ಲ ಅನ್ನುವ ಪೂರೈಕೆದಾರರ ಫೋನು ಬರುವುದು ಐದನೇ ವಾರದಲ್ಲೋ ಆರನೇ ವಾರದಲ್ಲೋ. ಆ ಹೊತ್ತಿಗೆ ಆ ತಂಡದ ಸಲಹೆಗಾರರು ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಾರೆ, ಆ ಫೋನು ಎತ್ತುವವರು ನೀವೇ.